ಮನೆ ತುಂಬ ಬೆಕ್ಕಿನ ಕೂದಲು, ಏನು ಮಾಡೋದು?

ಪ್ರಶ್ನೆ: ನಾವು ದಾವಣಗೆರೆಯ ವಿದ್ಯಾನಗರದಲ್ಲಿ ಇದ್ದೇವೆ. ಮನೆಯಲ್ಲಿ ಎರಡು ಬೆಕ್ಕು. ಒಂದು ಪರ್ಷಿಯನ್, ಇನ್ನೊಂದು ಬೀದಿಯಿಂದ ಬಂದು ನಮ್ಮಲ್ಲೇ ಉಳಿದುಕೊಂಡ ನಾಡು ಬೆಕ್ಕು. ಶಿವರಾತ್ರಿ ಕಳೆದ ಮೇಲೆ ಕೂದಲು ಉದುರುವುದು ವಿಪರೀತ ಆಗಿದೆ. ದಿವಾನ, ಸೋಫಾ, ಒಗೆದ ಬಟ್ಟೆ ಎಲ್ಲದರ ಮೇಲೂ ಕೂದಲು, ಮೊನ್ನೆ ರೊಟ್ಟಿ ಹಿಟ್ಟಿನಲ್ಲೂ ಸಿಕ್ಕಿತು. ದಿನಕ್ಕೆ ಎರಡು ಸಲ ಗುಡಿಸುತ್ತೇನೆ, ಆದರೂ ಅಷ್ಟೇ. ನಾಡು ಬೆಕ್ಕು ಬಾಲದ ಬುಡದಲ್ಲಿ ಆಗಾಗ ಕಚ್ಚಿಕೊಳ್ಳುತ್ತದೆ. ನಾವು ಸಸ್ಯಾಹಾರಿಗಳು, ಬೆಕ್ಕುಗಳಿಗೆ ಹಾಲು, ಮೊಸರನ್ನ, ಜೊತೆಗೆ ಸ್ವಲ್ಪ ಪ್ಯಾಕೆಟ್ ಫುಡ್ ಹಾಕುತ್ತೇವೆ. ಮಗಳಿಗೆ ಬೆಳಿಗ್ಗೆ ಎದ್ದ ಕೂಡಲೇ ಸೀನು ಬರುತ್ತದೆ. ಮುಂದಿನ ತಿಂಗಳು ನಾದಿನಿ ಬಾಣಂತನಕ್ಕೆ ಬರುತ್ತಾರೆ. ಬೆಕ್ಕಿನ ಕೂದಲು ಹೊಟ್ಟೆಗೆ ಹೋದರೆ ಒಳ್ಳೆಯದಲ್ಲ, ಎಲ್ಲಾದರೂ ಬಿಟ್ಟು ಬನ್ನಿ ಅಂತ ಅತ್ತೆ ಹೇಳುತ್ತಿದ್ದಾರೆ. ಪೂರ್ತಿ ಬೋಳಿಸಿಬಿಟ್ಟರೆ ಆಗುತ್ತದೆಯೇ?

ಉತ್ತರ: ಬೋಳಿಸಬೇಡಿ, ಬಿಟ್ಟೂ ಬರಬೇಡಿ. ಎರಡಕ್ಕೂ ಕಾರಣ ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ನಿಮ್ಮ ಪತ್ರದಲ್ಲಿ ನೀವು ಸುಮ್ನೆ ಸೇರಿಸಿದಂತೆ ಬರೆದ ಒಂದು ಸಾಲು ಇದೆಯಲ್ಲ, ನಾಡು ಬೆಕ್ಕು ಬಾಲದ ಬುಡದಲ್ಲಿ ಕಚ್ಚಿಕೊಳ್ಳುತ್ತದೆ ಅಂತ, ನನಗೆ ಅದೇ ಮುಖ್ಯವಾಗಿ ಕಂಡಿತು. ನಿಮ್ಮ ಎರಡು ಬೆಕ್ಕುಗಳ ಕೂದಲು ಒಂದೇ ಕಾರಣಕ್ಕೆ ಉದುರುತ್ತಿರುವಂತೆ ಕಾಣುವುದಿಲ್ಲ. ಪರ್ಷಿಯನ್ ಬೆಕ್ಕಿನದು ಋತುವಿಗೆ ತಕ್ಕ ಉದುರುವಿಕೆ ಇರಬಹುದು. ನಾಡು ಬೆಕ್ಕಿಗೆ ಬಹುಶಃ ಚಿಗಟ ಹತ್ತಿದೆ. ಒಂದಕ್ಕೆ ಬಾಚಣಿಗೆ ಬೇಕು, ಇನ್ನೊಂದಕ್ಕೆ ಔಷಧಿ ಬೇಕು. ಎರಡನ್ನೂ ಕೂಡಿಸಿ ಪೊರಕೆ ಹಿಡಿದರೆ ದಿನಕ್ಕೆ ನಾಲ್ಕು ಸಲ ಗುಡಿಸಿದರೂ ಮನೆ ಹೀಗೇ ಇರುತ್ತದೆ.

ಮೊದಲು ಪರ್ಷಿಯನ್ ವಿಷಯ. ಬೆಕ್ಕಿನ ಪ್ರತಿ ಕೂದಲಿಗೂ ಒಂದು ಆಯುಸ್ಸು ಇದೆ. ಬೆಳೆಯುತ್ತದೆ, ನಿಲ್ಲುತ್ತದೆ, ಸ್ವಲ್ಪ ದಿನ ಹಾಗೇ ಇದ್ದು ಉದುರುತ್ತದೆ, ಆ ಜಾಗದಲ್ಲಿ ಹೊಸದು ಬರುತ್ತದೆ. ಮೇಲೆ ಕಾಣುವ ಉದ್ದ ಕೂದಲಿನ ಕೆಳಗೆ ಹತ್ತಿಯಷ್ಟು ಮೆತ್ತನೆಯ ಒಳಗೂದಲಿನ ಪದರ ಇರುತ್ತದೆ. ಬಿಸಿಲು ಹೆಚ್ಚಾದಾಗ ಉಂಡೆ ಉಂಡೆಯಾಗಿ ಬರುವುದು ಹೆಚ್ಚಾಗಿ ಅದೇ. ಇದನ್ನು ನಡೆಸುವುದು ಮುಖ್ಯವಾಗಿ ಹಗಲಿನ ಉದ್ದ, ಅದರ ಜೊತೆಗೆ ಸೆಕೆ. ಚಳಿ ದೇಶಗಳಲ್ಲಿ ಹಗಲು ಬೇಸಿಗೆಗೂ ಚಳಿಗಾಲಕ್ಕೂ ತುಂಬಾ ವ್ಯತ್ಯಾಸವಾಗುವುದರಿಂದ ಅಲ್ಲಿ ಬೆಕ್ಕುಗಳು ವರ್ಷಕ್ಕೆ ಎರಡು ಸಲ ಜೋರಾಗಿ ಕೂದಲು ಬದಲಿಸುತ್ತವೆ. ನಮ್ಮ ದಾವಣಗೆರೆಯಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ ವ್ಯತ್ಯಾಸ ಅಷ್ಟೇ. ಸಾಲದ್ದಕ್ಕೆ ಮನೆಯೊಳಗಿನ ಬೆಕ್ಕು ರಾತ್ರಿ ಹತ್ತು ಗಂಟೆವರೆಗೂ ಟ್ಯೂಬ್‌ಲೈಟ್ ಬೆಳಕಿನಲ್ಲೇ ಇರುತ್ತದೆ. ಹಾಗಾಗಿ ಇಲ್ಲಿ ಕೂದಲು ವರ್ಷವಿಡೀ ಸ್ವಲ್ಪ ಸ್ವಲ್ಪ ಉದುರುತ್ತಲೇ ಇರುತ್ತದೆ, ಚಳಿ ಶಿವ ಶಿವ ಅಂತ ಹೋದ ಮೇಲೆ ಏಪ್ರಿಲ್, ಮೇ ತನಕ ಜಾಸ್ತಿಯಾಗುತ್ತದೆ. ಇದನ್ನು ನಿಲ್ಲಿಸುವ ಔಷಧಿ ಇಲ್ಲ. ಯಾರಾದರೂ ನಿಲ್ಲಿಸುತ್ತೇವೆ ಅಂತ ಪುಡಿನೋ ಎಣ್ಣೆನೋ ಮಾರಿದರೆ ದುಡ್ಡು ಕೊಡಬೇಡಿ.

ನಿಲ್ಲಿಸಲು ಆಗುವುದಿಲ್ಲ, ಆದರೆ ಕೂದಲು ಎಲ್ಲಿ ಬೀಳಬೇಕು ಅನ್ನುವುದನ್ನು ನೀವು ತೀರ್ಮಾನ ಮಾಡಬಹುದು. ಉದುರಲು ಸಿದ್ಧವಾದ ಕೂದಲು ಇವತ್ತು ಬಾಚಣಿಗೆಗೆ ಬಂದರೆ ನಾಳೆ ಸೋಫಾ ಮೇಲೆ ಇರುವುದಿಲ್ಲ. ಕ್ಲಿನಿಕ್ಕಿಗೆ ಬರುವ ಎಷ್ಟೋ ಜನ ವ್ಯಾಕ್ಯೂಮ್ ಕ್ಲೀನರ್ ಯಾವುದು ತಗೊಳ್ಳಲಿ ಅಂತ ಕೇಳುತ್ತಾರೆ, ಬೆಕ್ಕನ್ನು ಕೊನೆಯ ಸಲ ಯಾವಾಗ ಬಾಚಿದಿರಿ ಅಂದರೆ ಸುಮ್ಮನಾಗುತ್ತಾರೆ. ಮನೆ ಗುಡಿಸುವ ಅರ್ಧ ಗಂಟೆಯಲ್ಲಿ ಐದು ನಿಮಿಷವನ್ನು ಬೆಕ್ಕಿಗೆ ಕೊಡಿ, ಆಗ ಗುಡಿಸುವ ಕೆಲಸವೇ ಕಡಿಮೆಯಾಗುತ್ತದೆ.

ಪರ್ಷಿಯನ್ನಿಗೆ ದಿನಾ ಬಾಚಬೇಕು. ಈ ಜಾತಿಯ ಕೂದಲು ತಾನಾಗಿ ಸುಧಾರಿಸಿಕೊಳ್ಳುವಂಥದ್ದಲ್ಲ, ಮನುಷ್ಯರು ಬಾಚುತ್ತಾರೆ ಅನ್ನುವ ಭರವಸೆಯ ಮೇಲೇ ಬೆಳೆಸಿದ ತಳಿ ಅದು. ಅಗಲ ಹಲ್ಲಿನ ಸ್ಟೀಲ್ ಬಾಚಣಿಗೆ ಮೊದಲು, ಆಮೇಲೆ ಸ್ಲಿಕರ್ ಬ್ರಷ್, ಅಂದರೆ ಸಣ್ಣ ಸಣ್ಣ ಬಾಗಿದ ತಂತಿ ಇರುವ ಬ್ರಷ್. ಮೇಲೆ ಮೇಲೆ ಸವರಿದರೆ ಪ್ರಯೋಜನವಿಲ್ಲ. ಒಂದು ಕೈಯಿಂದ ಕೂದಲನ್ನು ಬೈತಲೆ ತೆಗೆದ ಹಾಗೆ ಸರಿಸಿ, ಚರ್ಮ ಕಾಣುವಂತೆ ಮಾಡಿಕೊಂಡು, ಬುಡದಿಂದ ತುದಿಗೆ ಪದರ ಪದರವಾಗಿ ಬಾಚಿ. ಕಿವಿಯ ಹಿಂದೆ, ಮುಂಗಾಲಿನ ಕಂಕುಳಲ್ಲಿ, ಹಿಂದಿನ ತೊಡೆಯಲ್ಲಿ ಗಂಟು ಕಟ್ಟುವುದು ಜಾಸ್ತಿ, ಅಲ್ಲಿ ಬೆರಳಿನಿಂದ ಮುಟ್ಟಿ ನೋಡುತ್ತಾ ಹೋಗಿ. ಗಂಟು ಸಿಕ್ಕರೆ ಬುಡದಲ್ಲಿ ಎರಡು ಬೆರಳಿನಿಂದ ಹಿಡಿದುಕೊಳ್ಳಿ, ಚರ್ಮ ಎಳೆಯದಂತೆ, ತುದಿಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸಿ.

ಕತ್ತರಿ ಮಾತ್ರ ಬೇಡ. ದಯವಿಟ್ಟು ಬೇಡ. ಬೆಕ್ಕಿನ ಚರ್ಮ ತುಂಬಾ ತೆಳು, ಗಂಟನ್ನು ಎಳೆದಾಗ ಅದರ ಜೊತೆಗೇ ಮೇಲೆ ಎದ್ದು ಬರುತ್ತದೆ, ಕೂದಲು ಅಂದುಕೊಂಡು ಚರ್ಮವನ್ನೇ ಕತ್ತರಿಸಿಕೊಂಡು ಹೊಲಿಗೆ ಹಾಕಿಸಲು ಬರುವವರನ್ನು ಪ್ರತಿ ಬೇಸಿಗೆಯಲ್ಲೂ ನೋಡುತ್ತೇನೆ. ಬಿಡಿಸಲು ಆಗದಷ್ಟು ಗಂಟಾಗಿದ್ದರೆ ನಮ್ಮ ಹತ್ತಿರ ತನ್ನಿ, ಮೆಷಿನ್‌ನಲ್ಲಿ ಆ ಜಾಗವನ್ನಷ್ಟೇ ತೆಗೆದುಕೊಡುತ್ತೇವೆ.

ನಾಡು ಬೆಕ್ಕಿಗೆ ಇಷ್ಟೆಲ್ಲ ಬೇಡ. ವಾರಕ್ಕೆ ಎರಡು ಸಲ, ಈಗ ಬೇಸಿಗೆಯಲ್ಲಿ ಬೇಕಾದರೆ ಮೂರು ಸಲ, ರಬ್ಬರ್ ಮೊಳೆ ಇರುವ ಕೈಗವಸಿನ ಬ್ರಷ್‌ನಿಂದ ಸವರಿದರೆ ಸಾಕು. ಅದಕ್ಕೆ ಮುದ್ದು ಮಾಡಿದ ಹಾಗೆ ಇರುತ್ತದೆ, ಬೀದಿಯಲ್ಲಿ ಬೆಳೆದ ಬೆಕ್ಕು ತಂತಿ ಬ್ರಷ್ ಕಂಡರೆ ಓಡುತ್ತದೆ, ಇದಕ್ಕೆ ಮಾತ್ರ ಬೆನ್ನು ಕೊಡುತ್ತದೆ.

ಬಾಚುವ ಸಮಯವೂ ಮುಖ್ಯ. ಆಟದ ಹುರುಪಿನಲ್ಲಿ ಇರುವಾಗ ಹಿಡಿದರೆ ಪರಚುತ್ತದೆ. ಹೊಟ್ಟೆ ತುಂಬಿ ತೂಕಡಿಸುವಾಗ ಶುರು ಮಾಡಿ. ಮೊದಲು ಕೆನ್ನೆ, ಗದ್ದ, ಕುತ್ತಿಗೆ, ಆಮೇಲೆ ಬೆನ್ನು. ಹೊಟ್ಟೆಯನ್ನು ಕೊನೆಗೆ ಇಟ್ಟುಕೊಳ್ಳಿ, ಬೇಡ ಅಂದರೆ ಆವತ್ತಿಗೆ ಬಿಡಿ. ಬಾಲ ಪಟಪಟ ಬಡಿಯಿತು, ಕಿವಿ ಹಿಂದಕ್ಕೆ ಹೋಯಿತು, ಬೆನ್ನಿನ ಚರ್ಮ ಅಲುಗಿತು ಅಂದರೆ ಸಾಕು ಅಂತ ಅರ್ಥ, ಅಲ್ಲಿಗೇ ನಿಲ್ಲಿಸಿ ಏನಾದರೂ ತಿನ್ನಲು ಕೊಡಿ. ಎರಡು ನಿಮಿಷ ಸಮಾಧಾನವಾಗಿ ಬಾಚಿದ್ದು ಅದುಮಿ ಹಿಡಿದು ಇಪ್ಪತ್ತು ನಿಮಿಷ ಬಾಚಿದ್ದಕ್ಕಿಂತ ಒಳ್ಳೆಯದು, ಯಾಕೆಂದರೆ ನಾಳೆಯೂ ಅದು ನಿಮ್ಮ ಹತ್ತಿರ ಬರಬೇಕಲ್ಲ. ಜಾಗ ಅಂದರೆ ನನ್ನ ಪ್ರಕಾರ ಬಚ್ಚಲು ಮನೆಯೇ ಒಳ್ಳೆಯದು. ಬಾಗಿಲು ಹಾಕಬಹುದು, ಫ್ಯಾನ್ ಇರುವುದಿಲ್ಲ, ಬಿದ್ದ ಕೂದಲು ಅಲ್ಲೇ ಇರುತ್ತದೆ. ಮಾಳಿಗೆ ಮೇಲೆ ಬಾಚಿದರೆ ನಿಮ್ಮ ಕೂದಲು ಪಕ್ಕದ ಮನೆಯವರ ಸಂಡಿಗೆಗೆ ಹೋಗುತ್ತದೆ. ಕೊನೆಯಲ್ಲಿ ಅಂಗೈ ಸ್ವಲ್ಪ ಒದ್ದೆ ಮಾಡಿಕೊಂಡು ತಲೆಯಿಂದ ಬಾಲದವರೆಗೆ ಎರಡು ಸಲ ಸವರಿ, ಬಾಚಣಿಗೆಗೆ ಸಿಗದೆ ಉಳಿದ ಸಣ್ಣ ಕೂದಲು ಕೈಗೆ ಅಂಟಿ ಬರುತ್ತದೆ. ಇವನ್ನೆಲ್ಲ ಪೇಪರಿನಲ್ಲಿ ಸುತ್ತಿ ಕಸಕ್ಕೆ ಹಾಕಿ, ಬಚ್ಚಲಿಗೆ ಬಿಟ್ಟರೆ ಪೈಪ್ ಕಟ್ಟಿಕೊಳ್ಳುತ್ತದೆ.

ಬಾಚುವುದರಿಂದ ಇನ್ನೊಂದು ಲಾಭ ಇದೆ, ಇದು ಮನೆಯ ಸ್ವಚ್ಛತೆಗಿಂತ ದೊಡ್ಡದು. ಬೆಕ್ಕಿನ ನಾಲಿಗೆಯ ಮೇಲೆ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳುಗಳಿವೆ. ನೆಕ್ಕಿಕೊಳ್ಳುವಾಗ ಸಡಿಲವಾದ ಕೂದಲು ಅದಕ್ಕೆ ಸಿಕ್ಕಿಕೊಳ್ಳುತ್ತದೆ, ಮುಳ್ಳು ಹಿಂದಕ್ಕೆ ಇರುವುದರಿಂದ ಉಗುಳಲು ಆಗದೆ ನುಂಗುತ್ತದೆ. ಹೆಚ್ಚಿನದು ಮಲದಲ್ಲಿ ಹೋಗುತ್ತದೆ, ಉಳಿದದ್ದು ಉಂಡೆಯಾಗಿ ವಾಂತಿಯಲ್ಲಿ ಬರುತ್ತದೆ. ಆಗೊಮ್ಮೆ ಈಗೊಮ್ಮೆ ಹೀಗಾದರೆ ಹೆದರಬೇಡಿ. ಆದರೆ ಪದೇ ಪದೇ ಓಕರಿಸುತ್ತಿದೆ, ಏನೂ ಬರುತ್ತಿಲ್ಲ, ಊಟ ಬಿಟ್ಟಿದೆ, ಮಲ ಹೋಗುತ್ತಿಲ್ಲ ಅಂದರೆ ಕರುಳಿನಲ್ಲಿ ಉಂಡೆ ಸಿಕ್ಕಿಕೊಂಡಿರಬಹುದು, ಆಗ ನಾಳೆ ನೋಡೋಣ ಅಂತ ಕೂರಬೇಡಿ. ಮನೆಯಲ್ಲೇ ಬಾಯಿಗೆ ಹರಳೆಣ್ಣೆ ಹುಯ್ಯುವುದೂ ಬೇಡ, ಒತ್ತಾಯದಿಂದ ಹುಯ್ದ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅದು ಬೇರೆಯೇ ಕಾಯಿಲೆ ತರುತ್ತದೆ.

ಈಗ ಬೋಳಿಸುವ ವಿಷಯ. ನಿಮಗೆ ಕರುಣೆಯಿಂದಲೇ ಅನ್ನಿಸಿರಬಹುದು, ಇಷ್ಟು ಸೆಕೆಯಲ್ಲಿ ಪಾಪ ಅಷ್ಟು ಕೂದಲು ಯಾಕೆ ಅಂತ. ಆದರೆ ಆ ಕೂದಲೇ ಅದರ ಚರ್ಮವನ್ನು ಬಿಸಿಲಿನಿಂದ ಕಾಯುತ್ತದೆ. ಬೆಕ್ಕು ನಮ್ಮ ಹಾಗೆ ಮೈತುಂಬ ಬೆವರುವುದಿಲ್ಲ, ಪಾದದ ಅಡಿಯಲ್ಲಿ ಮಾತ್ರ ಬೆವರುತ್ತದೆ, ಮೈ ನೆಕ್ಕಿಕೊಂಡು ತಂಪು ಮಾಡಿಕೊಳ್ಳುತ್ತದೆ. ಬೋಳಿಸಿದ ಚರ್ಮ ಕಿಟಕಿ ಬಿಸಿಲಿಗೇ ಸುಡಬಹುದು. ಅದೂ ಅಲ್ಲದೆ ಕೂದಲು ಉದುರುವುದು ನಿಲ್ಲುವುದೂ ಇಲ್ಲ, ಉದ್ದದ ಬದಲು ಚೂರು ಚೂರಾಗಿ ಬೀಳುತ್ತದೆ, ಆ ಚೂರು ಬಟ್ಟೆಯ ನೇಯ್ಗೆಯೊಳಗೆ ಚುಚ್ಚಿಕೊಂಡು ತೆಗೆಯಲು ಇನ್ನೂ ಕಷ್ಟ. ಬಾಚಿ ಒಳಗೂದಲು ತೆಗೆದರೆ ಸಾಕು, ಗಾಳಿ ಆಡಿ ಮೈ ತಂಪಾಗುತ್ತದೆ.

ನಾಡು ಬೆಕ್ಕಿಗೆ ಬರೋಣ. ಇವತ್ತೇ ಒಂದು ಪರೀಕ್ಷೆ ಮಾಡಿ. ಬಿಳಿ ಕಾಗದ ಹಾಸಿ ಬೆಕ್ಕನ್ನು ಅದರ ಮೇಲೆ ನಿಲ್ಲಿಸಿ, ಹೇನು ತೆಗೆಯುವ ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಲದ ಬುಡದಲ್ಲಿ, ಸೊಂಟದ ಮೇಲೆ ಬಾಚಿ. ಕಪ್ಪು ಪುಡಿ ಉದುರಿದರೆ ಅದಕ್ಕೆ ಎರಡು ಹನಿ ನೀರು ಹಾಕಿ. ಮಣ್ಣಾದರೆ ಮಣ್ಣಿನ ಬಣ್ಣದಲ್ಲೇ ಇರುತ್ತದೆ. ಕೆಂಪು ಕಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಬೆಕ್ಕಿನದೇ ರಕ್ತ ಜೀರ್ಣವಾಗಿ ಬಂದದ್ದು. ಕೆಲವು ಬೆಕ್ಕಿಗೆ ಚಿಗಟದ ಜೊಲ್ಲಿನ ಅಲರ್ಜಿ ಇರುತ್ತದೆ, ಎರಡು ಚಿಗಟ ಕಚ್ಚಿದರೂ ದಿನವಿಡೀ ಕಚ್ಚಿಕೊಂಡು, ನೆಕ್ಕಿಕೊಂಡು ಸೊಂಟದ ಕೂದಲನ್ನೆಲ್ಲ ಕಿತ್ತು ಹಾಕುತ್ತದೆ. ನೀವು ನೆಲದ ಮೇಲೆ ನೋಡುತ್ತಿರುವ ಗಿಡ್ಡ ಕೂದಲಿನಲ್ಲಿ ಅರ್ಧ ಹೀಗೆ ಬಂದದ್ದೇ ಇರಬಹುದು.

ಚಿಗಟ ಅಂತ ಗೊತ್ತಾದರೆ ಎರಡೂ ಬೆಕ್ಕಿಗೆ ಒಟ್ಟಿಗೇ ಔಷಧಿ ಹಾಕಬೇಕು. ಕುತ್ತಿಗೆಯ ಹಿಂದೆ, ನಾಲಿಗೆ ಎಟುಕದ ಜಾಗದಲ್ಲಿ ಚರ್ಮಕ್ಕೆ ಬಿಡುವ ಹನಿ ಔಷಧಿ ಬರುತ್ತದೆ, ಬೆಕ್ಕಿನ ತೂಕ ನೋಡಿ ಡಾಕ್ಟರೇ ಬರೆದುಕೊಡಬೇಕು. ಇಲ್ಲಿ ಒಂದು ಮಾತು ಜೋರಾಗಿ ಹೇಳಬೇಕಾಗಿದೆ. ನಾಯಿಗೆ ಹಾಕುವ ಉಣ್ಣಿ ಔಷಧಿಯನ್ನು ಬೆಕ್ಕಿಗೆ ಹಾಕಬೇಡಿ. ಅಂಥ ಔಷಧಿಗಳಲ್ಲಿ ಕೆಲವದರಲ್ಲಿ ಪರ್ಮೆಥ್ರಿನ್ ಇರುತ್ತದೆ. ನಾಯಿ ತಡೆದುಕೊಳ್ಳುತ್ತದೆ, ಬೆಕ್ಕಿಗೆ ನಡುಕ ಬಂದು, ಫಿಟ್ಸ್ ಬಂದು ಸಾಯಬಹುದು. ಬೆಕ್ಕಿನ ಯಕೃತ್ತಿಗೆ ಎಷ್ಟೋ ರಾಸಾಯನಿಕಗಳನ್ನು ಒಡೆದು ಹೊರಹಾಕುವ ಶಕ್ತಿ ಕಡಿಮೆ. ನೆಲ ಒರೆಸುವ ಫಿನಾಯಿಲ್, ಡೆಟಾಲ್‌ನಂಥ ಕ್ರಿಮಿನಾಶಕ, ಬೀರುವಿನಲ್ಲಿ ಇಡುವ ನುಸಿಗುಳಿಗೆ, ಕರ್ಪೂರ, ಟೀ ಟ್ರೀ ಎಣ್ಣೆ ಇವೆಲ್ಲ ಅದಕ್ಕೆ ವಿಷವೇ. ಕೂದಲು ಅಂತ ಬೇಸರಪಟ್ಟು ದಿನಕ್ಕೆ ಎರಡು ಸಲ ಫಿನಾಯಿಲ್ ಹಾಕಿ ಒರೆಸುವ ಮನೆಗಳಿವೆ. ಬೆಕ್ಕು ಆ ನೆಲದ ಮೇಲೆ ನಡೆದು, ಆಮೇಲೆ ಪಾದ ನೆಕ್ಕಿಕೊಳ್ಳುತ್ತದೆ. ಬಿಸಿನೀರು, ಸ್ವಲ್ಪ ಪಾತ್ರೆ ತೊಳೆಯುವ ಸೋಪು ಸಾಕು, ಆಮೇಲೆ ಬರೀ ನೀರಿನಲ್ಲಿ ಒಂದು ಸಲ ಒರೆಸಿ.

ಬೆಕ್ಕಿನ ಮೈಮೇಲೆ ಕಾಣುವ ಚಿಗಟ ಒಟ್ಟು ಚಿಗಟದಲ್ಲಿ ಸ್ವಲ್ಪ ಭಾಗ ಮಾತ್ರ. ಮೊಟ್ಟೆ, ಮರಿಹುಳು, ಗೂಡು ಎಲ್ಲ ಹಾಸಿಗೆಯಲ್ಲಿ, ನೆಲದ ಸಂದಿಯಲ್ಲಿ, ಕಂಬಳಿಯಲ್ಲಿ ಇರುತ್ತವೆ. ಆದ್ದರಿಂದ ಒಂದು ತಿಂಗಳು ಔಷಧಿ ಹಾಕಿ ಬಿಟ್ಟರೆ ಮತ್ತೆ ಬರುತ್ತದೆ, ಕೆಲವು ತಿಂಗಳು ಬಿಡದೆ ಹಾಕಬೇಕು. ಬೆಕ್ಕು ಮಲಗುವ ಬಟ್ಟೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಚಿಗಟ ನುಂಗಿದ ಬೆಕ್ಕಿಗೆ ಲಾಡಿಹುಳು ಆಗಬಹುದು, ಮಲದ ಹತ್ತಿರ ಅಕ್ಕಿಕಾಳಿನಷ್ಟು ಬಿಳಿ ಚೂರು ಕಂಡರೆ ಜಂತಿನ ಔಷಧಿಯೂ ಬೇಕು.

ಚಿಗಟ ಇಲ್ಲದಿದ್ದರೆ? ದುಂಡಗೆ ಕೂದಲು ಹೋಗಿ ಅಂಚಿನಲ್ಲಿ ಹೊಟ್ಟು ಎದ್ದಿದ್ದರೆ ಹುಳುಕಡ್ಡಿ ಇರಬಹುದು. ಇದು ಶಿಲೀಂಧ್ರದ ಸೋಂಕು, ಮಕ್ಕಳಿಗೆ ಬೇಗ ಹರಡುತ್ತದೆ, ಪರ್ಷಿಯನ್ ಬೆಕ್ಕುಗಳಲ್ಲಂತೂ ತುಂಬಾ ಸಾಮಾನ್ಯ. ಮಗಳ ಕೈ, ಕುತ್ತಿಗೆ ಮೇಲೆ ದುಂಡಗೆ ಕೆಂಪು ಕಲೆ ಇದೆಯಾ ನೋಡಿ. ಕಿವಿಯ ಅಂಚಿನಿಂದ ಶುರುವಾಗಿ ಮುಖದ ಮೇಲೆ ದಪ್ಪ ಹಕ್ಕಳೆ ಕಟ್ಟುತ್ತಿದ್ದರೆ ಕಜ್ಜಿ. ಹೊಟ್ಟೆಯ ಕೆಳಗೆ, ತೊಡೆಯ ಒಳಗೆ ಗಾಯವೇ ಇಲ್ಲದೆ ನುಣ್ಣಗೆ ಬೋಳಾಗಿದ್ದರೆ ಬೆಕ್ಕು ಅತಿಯಾಗಿ ನೆಕ್ಕುತ್ತಿದೆ ಅಂತ, ಅದಕ್ಕೆ ತುರಿಕೆ, ಮೂತ್ರಕೋಶದ ನೋವು, ಭಯ ಹೀಗೆ ಕಾರಣ ಬೇರೆ ಬೇರೆ. ಜಾತ್ರೆಯ ಡೊಳ್ಳು, ಪಟಾಕಿ, ಮನೆ ಬದಲಿಸಿದ್ದು ಇವೂ ಸಾಕು.

ಊಟದ ವಿಷಯಕ್ಕೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಮ್ಮ ಊರಿನ ಸಸ್ಯಾಹಾರಿ ಮನೆಗಳ ಬೆಕ್ಕುಗಳಲ್ಲಿ ಒಣ, ಹೊಳಪಿಲ್ಲದ, ಬೇಗ ಉದುರುವ ಕೂದಲನ್ನು ನಾನು ಜಾಸ್ತಿ ನೋಡುತ್ತೇನೆ. ಕೂದಲು ಹೆಚ್ಚಿನಂಶ ಪ್ರೋಟೀನಿನಿಂದಲೇ ಆಗಿರುವುದು. ಹಾಲು ಅನ್ನದಲ್ಲಿ ಬೆಕ್ಕಿಗೆ ಬೇಕಾದಷ್ಟು ಪ್ರೋಟೀನು ಸಿಗುವುದಿಲ್ಲ. ಟಾರಿನ್ ಅನ್ನುವ ಅಂಶವನ್ನು ಬೆಕ್ಕಿನ ದೇಹ ತನಗೆ ಸಾಲುವಷ್ಟು ತಾನೇ ತಯಾರಿಸಿಕೊಳ್ಳಲಾರದು, ಅದು ಸಿಗುವುದು ಮಾಂಸ, ಮೀನಿನಲ್ಲಿ. ಕೊರತೆಯಾದರೆ ಕಣ್ಣಿನ ಹಿಂಭಾಗದ ಪಟಲ (ರೆಟಿನಾ) ಹಾಳಾಗಿ ಕುರುಡಾಗುತ್ತದೆ, ಹೃದಯ ದುರ್ಬಲವಾಗುತ್ತದೆ. ಚರ್ಮಕ್ಕೆ ಬೇಕಾದ ಒಂದು ಕೊಬ್ಬಿನ ಆಮ್ಲವೂ ಹಾಗೆಯೇ, ಎಣ್ಣೆಕಾಳಿನ ಕೊಬ್ಬಿನಿಂದ ಅದನ್ನು ಮಾಡಿಕೊಳ್ಳುವ ಶಕ್ತಿ ಬೆಕ್ಕಿಗೆ ಇಲ್ಲ. ಮಜಾ ಅಂದರೆ ಹಾಲು ಬೆಕ್ಕಿಗೆ ಒಗ್ಗುತ್ತದೆ ಅನ್ನುವ ನಂಬಿಕೆ, ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲಿನ ಸಕ್ಕರೆ ಜೀರ್ಣವಾಗದೆ ಭೇದಿಯಾಗುತ್ತದೆ.

ನಿಮ್ಮ ಮನೆಯ ಅಡುಗೆ ಕಟ್ಟೆಗೆ ಮಾಂಸ ತನ್ನಿ ಅಂತ ನಾನು ಹೇಳುವುದಿಲ್ಲ, ಅದರ ಅಗತ್ಯವೂ ಇಲ್ಲ. ಈಗ ಸ್ವಲ್ಪ ಹಾಕುತ್ತಿರುವ ಪ್ಯಾಕೆಟ್ ಫುಡ್ ಇದೆಯಲ್ಲ, ಅದನ್ನೇ ಮುಖ್ಯ ಊಟ ಮಾಡಿ, ಮೊಸರನ್ನವನ್ನು ಕಡಿಮೆ ಮಾಡುತ್ತಾ ಬನ್ನಿ. ಬೆಕ್ಕಿನದೇ ಆಗಿರಬೇಕು, ಸಂಪೂರ್ಣ ಆಹಾರ ಅಂತ ಬರೆದಿರಬೇಕು. ನಾಯಿಯ ಫುಡ್ ಬೆಕ್ಕಿಗೆ ಸಾಲದು. ಒಂದೇ ದಿನ ಬದಲಿಸಬೇಡಿ, ವಾರ ಹತ್ತು ದಿನ ಹಳೆಯದರ ಜೊತೆ ಬೆರೆಸುತ್ತಾ ಹೋಗಿ. ಮೊಟ್ಟೆ ನಿಮ್ಮಲ್ಲಿ ನಡೆಯುತ್ತದೆ ಅಂದರೆ ಬೇಯಿಸಿದ ಮೊಟ್ಟೆಯ ಚೂರು ವಾರಕ್ಕೆ ಎರಡು ಸಲ ಕೊಡಬಹುದು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಒಗ್ಗರಣೆ ಅನ್ನ ಮಾತ್ರ ಹಾಕಬೇಡಿ, ಅದು ಬೆಕ್ಕಿನ ಕೆಂಪು ರಕ್ತಕಣ ಒಡೆಯುತ್ತದೆ. ಒಣ ಫುಡ್ ತಿನ್ನುವ ಬೆಕ್ಕಿಗೆ ನೀರು ಜಾಸ್ತಿ ಬೇಕು. ಅಗಲ ಬಾಯಿಯ ಮಣ್ಣಿನ ಬೋಗುಣಿಯಲ್ಲಿ ಮನೆಯ ಎರಡು ಮೂರು ಕಡೆ, ಊಟದ ತಟ್ಟೆಯಿಂದ ದೂರ ಇಡಿ. ಕೊಬ್ಬರಿ ಎಣ್ಣೆ ಹಚ್ಚಿದರೆ ಕೂದಲು ಉದುರುವುದಿಲ್ಲ ಅಂತ ಯಾರಾದರೂ ಹೇಳಿರಬಹುದು. ಹಚ್ಚಬೇಡಿ, ಧೂಳು ಅಂಟಿ ಗಂಟು ಜಾಸ್ತಿಯಾಗುತ್ತದೆ, ಉಳಿದದ್ದನ್ನು ನೆಕ್ಕಿ ಹೊಟ್ಟೆ ಕೆಡಿಸಿಕೊಳ್ಳುತ್ತದೆ. ಊಟ ಬದಲಿಸಿದ ಫಲ ಕೂದಲಿನಲ್ಲಿ ಕಾಣಲು ಒಂದೆರಡು ತಿಂಗಳು ಬೇಕು, ಅವಸರ ಮಾಡಬೇಡಿ.

ಇಷ್ಟು ಮಾಡಿದ ಮೇಲೂ ಸ್ವಲ್ಪ ಕೂದಲು ಮನೆಯಲ್ಲಿ ಇದ್ದೇ ಇರುತ್ತದೆ. ಗುಡಿಸುವ ರೀತಿಯನ್ನು ಸ್ವಲ್ಪ ಬದಲಿಸಿ. ಹುಲ್ಲಿನ ಪೊರಕೆ ಮಣ್ಣಿಗೆ ಚೆನ್ನಾಗಿದೆ, ಕೂದಲಿಗೆ ಅಲ್ಲ, ಅದು ಕೂದಲನ್ನು ಎಬ್ಬಿಸುತ್ತದೆ. ಅದರಲ್ಲೂ ನಮ್ಮಲ್ಲಿ ಬೇಸಿಗೆಯಲ್ಲಿ ಫ್ಯಾನ್ ಆಫ್ ಮಾಡುವವರು ಯಾರು, ಈ ಕಡೆ ಗುಡಿಸಿದ್ದು ಆ ಕಡೆ ಹೋಗಿ ಕೂರುತ್ತದೆ. ಗುಡಿಸುವ ಹತ್ತು ನಿಮಿಷ ಫ್ಯಾನ್ ಆಫ್ ಮಾಡಿ. ರಬ್ಬರ್ ಪೊರಕೆ ಸಿಕ್ಕರೆ ಒಳ್ಳೆಯದು, ಇಲ್ಲವಾದರೆ ಇದ್ದ ಪೊರಕೆಗೇ ಹಿಂಡಿದ, ಬರೀ ತಂಪಿರುವ ಹತ್ತಿ ಬಟ್ಟೆ ಸುತ್ತಿ ನೆಲದ ಮೇಲೆ ಎಳೆಯಿರಿ, ಕೂದಲು ಅದಕ್ಕೇ ಅಂಟಿ ಬರುತ್ತದೆ. ಒಣಗಿದ ಕೂದಲು ತೆಗೆಯದೆ ನೇರವಾಗಿ ಒದ್ದೆ ಮಾಪ್ ಹಾಕಿದರೆ ಕೂದಲು ನೆಲಕ್ಕೇ ಮೆತ್ತಿಕೊಂಡು ಮೂಲೆ ಸೇರುತ್ತದೆ.

ಸೋಫಾಕ್ಕೆ ಪಾತ್ರೆ ತೊಳೆಯುವ ರಬ್ಬರ್ ಕೈಗವಸು ಸಾಕು. ಸ್ವಲ್ಪ ಒದ್ದೆ ಮಾಡಿ ಒಂದೇ ದಿಕ್ಕಿನಲ್ಲಿ ಎಳೆದರೆ ಕೂದಲು ಸುರುಳಿಯಾಗಿ ಬರುತ್ತದೆ, ಕಿಟಕಿ ಗಾಜು ಒರೆಸುವ ರಬ್ಬರ್ ಪಟ್ಟಿಯೂ ಇದೇ ಕೆಲಸ ಮಾಡುತ್ತದೆ. ಇದಕ್ಕಿಂತ ಮೊದಲು ಮಾಡಬೇಕಾದ್ದು ಏನೆಂದರೆ, ನಿಮ್ಮ ಬೆಕ್ಕುಗಳು ಎಲ್ಲಿ ಮಲಗುತ್ತವೆ ಅಂತ ಎರಡು ದಿನ ಗಮನಿಸಿ. ಬೆಕ್ಕು ಮನೆಯೆಲ್ಲ ಓಡಾಡಿದರೂ ದಿನದ ಹೆಚ್ಚಿನ ಹೊತ್ತು ಎರಡು ಮೂರು ಜಾಗದಲ್ಲೇ ಮಲಗಿರುತ್ತದೆ, ಕೂದಲು ಗುಡ್ಡೆಯಾಗುವುದೂ ಅಲ್ಲೇ. ಆ ಜಾಗಗಳಲ್ಲಿ ಹಳೆಯ ಹತ್ತಿ ಸೀರೆಯ ಕೌದಿ ಹಾಸಿ. ಹೆಣೆದ ಉಣ್ಣೆ, ಮಖಮಲ್ಲು, ಪಾಲಿಯೆಸ್ಟರ್ ಬೇಡ, ಒಣ ಹವೆಯಲ್ಲಿ ಪಾಲಿಯೆಸ್ಟರ್ ಕೂದಲನ್ನು ತಾನೇ ಎಳೆದುಕೊಳ್ಳುತ್ತದೆ. ಚಳ್ಳಕೆರೆ ಕಂಬಳಿ ಮನೆಯಲ್ಲಿದ್ದರೆ ಬೆಕ್ಕಿಗೆ ಸಿಗದಂತೆ ಎತ್ತಿಡಿ, ಅದರಿಂದ ಕೂದಲು ಬಿಡಿಸುವುದು ದೊಡ್ಡ ಕೆಲಸ.

ಕೌದಿಯನ್ನು ಒಗೆಯುವ ಮೊದಲು ಹೊರಗೆ ಚೆನ್ನಾಗಿ ಕೊಡವಿ. ನೆನೆದ ಕೂದಲು ಬಟ್ಟೆಗೆ ಅಂಟಿ ಉಂಡೆಯಾಗುತ್ತದೆ, ಯಾವ ಸೋಪಿಗೂ ಕರಗುವುದಿಲ್ಲ. ವಾಷಿಂಗ್ ಮೆಷಿನ್‌ಗೆ ಹಾಕುವುದಾದರೆ ಮನೆಯವರ ಬಟ್ಟೆ ಜೊತೆ ಹಾಕಬೇಡಿ, ಒಳಗಿನ ಜಾಲರಿ ಚೀಲವನ್ನು ಪ್ರತಿ ಸಲ ತೆಗೆದು ಸ್ವಚ್ಛ ಮಾಡಿ. ಕೂಲರ್‌ನ ಹಿಂದಿನ ಜಾಲರಿ, ಎಸಿಯ ಫಿಲ್ಟರ್, ಹಳೆಯ ಫ್ರಿಜ್ ಹಿಂದಿನ ಕಪ್ಪು ಕೊಳವೆಗಳನ್ನೂ ನೋಡಿ. ಅಲ್ಲಿ ಕೂದಲು ಕಟ್ಟಿದರೆ ತಂಪು ಕಡಿಮೆಯಾಗಿ ಕರೆಂಟ್ ಬಿಲ್ ಜಾಸ್ತಿಯಾಗುತ್ತದೆ.

ಅಡುಗೆ ಮನೆಯ ವಿಷಯದಲ್ಲಿ ನಾನು ಪೂರ್ತಿ ನಿಮ್ಮ ಅತ್ತೆಯವರ ಕಡೆಗೇ. ಬೆಕ್ಕು ಅಡುಗೆ ಕಟ್ಟೆ ಹತ್ತಬಾರದು. ಲಿಟರ್ ಟ್ರೇ, ಅಂದರೆ ಬೆಕ್ಕು ಮಲಮೂತ್ರ ಮಾಡುವ ತಟ್ಟೆ, ಅದನ್ನು ಕೆದರಿದ ಪಾದ ಅದು. ಓಡಿಸಿದರೆ ಮತ್ತೆ ಬರುತ್ತದೆ, ಯಾಕೆಂದರೆ ಅದಕ್ಕೆ ಎತ್ತರದ ಜಾಗ ಬೇಕು. ಪಡಸಾಲೆಯ ಕಿಟಕಿ ಹತ್ತಿರ ಒಂದು ಹಲಗೆ ಹಾಕಿಕೊಡಿ, ಅಡುಗೆ ಮನೆಗೆ ಜಾಲರಿ ಬಾಗಿಲು ಹಾಕಿಸಿ, ಹಿಟ್ಟು ನಾದುವ ಮೊದಲು ಕಟ್ಟೆ ಒರೆಸಿ. ಕೂದಲು ಹೊಟ್ಟೆಗೆ ಹೋದರೆ ಕಾಯಿಲೆ ಅನ್ನುವ ಭಯಕ್ಕೆ ಅತ್ತೆಯವರಿಗೆ ಹೀಗೆ ಹೇಳಿ: ಒಂದು ಕೂದಲು ಹೊಟ್ಟೆಗೆ ಹೋದರೆ ನಮ್ಮ ತಲೆಗೂದಲಿನ ಹಾಗೆ ಅದೂ ಜೀರ್ಣವಾಗದೆ ಹೊರಗೆ ಹೋಗುತ್ತದೆ. ಅಸಹ್ಯ ನಿಜ, ವಿಷ ಅಲ್ಲ.

ಮಗಳ ಸೀನಿಗೆ ಬೆಕ್ಕು ಕಾರಣ ಇರಬಹುದು, ಧೂಳೋ ಹಾಸಿಗೆಯ ನುಸಿಯೋ ಹೊಗೆಯೋ ಇರಬಹುದು. ಬೆಕ್ಕಿನ ಅಲರ್ಜಿ ಆಗುವುದು ಕೂದಲಿನಿಂದ ಅಲ್ಲ, ಮುಖ್ಯವಾಗಿ ಅದರ ಜೊಲ್ಲು ಮತ್ತು ಚರ್ಮದ ಗ್ರಂಥಿಗಳಿಂದ ಬರುವ ಫೆಲ್ ಡಿ 1 ಅನ್ನುವ ಪ್ರೋಟೀನಿನಿಂದ. ಬೆಕ್ಕು ನೆಕ್ಕಿಕೊಂಡಾಗ ಅದು ಕೂದಲಿಗೆ ಅಂಟುತ್ತದೆ, ಒಣಗಿ ತುಂಬಾ ಸಣ್ಣ ಕಣವಾಗಿ ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತದೆ. ಬೆಕ್ಕನ್ನು ಬಿಟ್ಟು ಬಂದರೂ ಅದು ಮನೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮಗಳು ಮಲಗುವ ಕೋಣೆಗೆ ಬೆಕ್ಕು ಹೋಗಲೇಬಾರದು, ಹಗಲೂ ಸಹ. ದಿಂಬಿನ ಕವರ್, ಹೊದಿಕೆ ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ಬಾಚುವ ಕೆಲಸ ಮಗಳಿಗೆ ಕೊಡಬೇಡಿ. ಗಂಡು ಬೆಕ್ಕಾಗಿದ್ದು ಇನ್ನೂ ಆಪರೇಷನ್ ಆಗಿಲ್ಲವಾದರೆ ಮಾಡಿಸಿ, ಆ ಪ್ರೋಟೀನು ಕಡಿಮೆಯಾಗುತ್ತದೆ. ಜೊತೆಗೆ ಮಕ್ಕಳ ಡಾಕ್ಟರಿಗೂ ತೋರಿಸಿ. ಉಸಿರಿನಲ್ಲಿ ಸಿಳ್ಳೆ ಶಬ್ದ ಬಂದರೆ, ರಾತ್ರಿ ಕೆಮ್ಮಿ ಎದ್ದರೆ ಕಾಯಬೇಡಿ, ಅದನ್ನು ನಾನು ಬರೆದದ್ದರಿಂದ ಸರಿಮಾಡಲು ಆಗುವುದಿಲ್ಲ.

ನಾದಿನಿಯವರ ಬಗ್ಗೆ ಅತ್ತೆಯವರಿಗೆ ಇರುವ ಆತಂಕ ತಾಯಿಯದು, ಅದನ್ನು ಹಗುರವಾಗಿ ತಗೊಳ್ಳಬೇಡಿ. ಗರ್ಭಿಣಿಯರಿಗೆ ಬೆಕ್ಕಿನಿಂದ ಬರಬಹುದು ಅನ್ನುವ ಟಾಕ್ಸೋಪ್ಲಾಸ್ಮಾ ಸೋಂಕು ನಿಜವಾದದ್ದೇ. ಆದರೆ ಅದು ಬರುವುದು ಕೂದಲಿನಿಂದ ಅಲ್ಲ, ಬೆಕ್ಕಿನ ಮಲದಿಂದ, ಅದೂ ಮಲ ಹೊರಬಿದ್ದು ಒಂದರಿಂದ ಐದು ದಿನ ಆದ ಮೇಲೆ ಮಾತ್ರ ಅದು ಸೋಂಕು ಹರಡುವ ಸ್ಥಿತಿಗೆ ಬರುತ್ತದೆ. ಆದ್ದರಿಂದ ಟ್ರೇಯನ್ನು ದಿನಾ ಬೆಳಿಗ್ಗೆ ತಪ್ಪದೆ ಸ್ವಚ್ಛ ಮಾಡಿ, ನೀವು ಅಥವಾ ನಿಮ್ಮ ಯಜಮಾನರು ಮಾಡಿ, ನಾದಿನಿ ಮುಟ್ಟುವುದು ಬೇಡ. ತೊಳೆಯದ ಸೊಪ್ಪು ತರಕಾರಿ, ತೋಟದ ಮಣ್ಣು, ಅರೆಬೆಂದ ಮಾಂಸದಿಂದಲೂ ಇದೇ ಸೋಂಕು ಬರುತ್ತದೆ ಅನ್ನುವುದನ್ನೂ ನೆನಪಿಡಿ. ಮಗು ಬಂದ ಮೇಲೆ ಬಾಣಂತಿ ಕೋಣೆಯ ಬಾಗಿಲು ಬೆಕ್ಕಿಗೆ ಮುಚ್ಚಿರಲಿ, ತೊಟ್ಟಿಲಿಗೆ ಗಟ್ಟಿ ಬಲೆ ಇರಲಿ, ಬೆಕ್ಕಿಗೆ ಬೆಚ್ಚಗಿನ ಜಾಗ ಇಷ್ಟ, ಅದು ತೊಟ್ಟಿಲಿಗೆ ಹಾರಬಹುದು. ಈ ಅಭ್ಯಾಸವನ್ನು ಮಗು ಬಂದ ದಿನ ಶುರು ಮಾಡಿದರೆ ಬೆಕ್ಕು ಬಾಗಿಲು ಕೆರೆಯುತ್ತಾ ಕೂಗುತ್ತದೆ, ಈಗಿನಿಂದಲೇ ಆ ಕೋಣೆ ಮುಚ್ಚಿಡಿ. ಬೀದಿಗೆ ಬಿಟ್ಟು ಬರುವ ಯೋಚನೆ ಮಾತ್ರ ಬೇಡ. ಪರ್ಷಿಯನ್ ಬೆಕ್ಕು ಬೀದಿಯಲ್ಲಿ ನಾಯಿಗಳ ನಡುವೆ, ಆ ಕೂದಲಿನಲ್ಲಿ, ಈ ಬಿಸಿಲಿನಲ್ಲಿ ಬದುಕುವುದು ತುಂಬಾ ಕಷ್ಟ.

ಎರಡೂ ಬೆಕ್ಕನ್ನು ಈ ವಾರವೇ ಒಂದು ಸಲ ತೋರಿಸಿ, ನಾಡು ಬೆಕ್ಕನ್ನಂತೂ ತಡ ಮಾಡಬೇಡಿ. ಬರುವಾಗ ಆ ಬಿಳಿ ಕಾಗದವನ್ನು ಮಡಚಿ ತನ್ನಿ, ಹಾಕುತ್ತಿರುವ ಫುಡ್ ಪ್ಯಾಕೆಟ್‌ನ ಫೋಟೋ ತನ್ನಿ, ಲಸಿಕೆ ಕಾರ್ಡ್ ಇದ್ದರೆ ಅದೂ ಇರಲಿ. ಒಂದೊಂದು ಬೆಕ್ಕಿಗೆ ಒಂದೊಂದು ಬುಟ್ಟಿ, ಮೇಲೆ ತೆಳು ಬಟ್ಟೆ ಮುಚ್ಚಿ, ಗಾಳಿ ಆಡುವ ಹಾಗೆ. ಮಧ್ಯಾಹ್ನದ ಬಿಸಿಲಿನಲ್ಲಿ ಆಟೋ ಹತ್ತಬೇಡಿ, ಚಪ್ಪಟೆ ಮೂಗಿನ ಪರ್ಷಿಯನ್ನಿಗೆ ಸೆಕೆಯಲ್ಲಿ ಉಸಿರಾಟವೇ ಕಷ್ಟವಾಗುತ್ತದೆ, ಬೆಳಿಗ್ಗೆ ಒಂಬತ್ತರೊಳಗೆ ಹೊರಡಿ.